ಗ್ಯಾಸ್ಕೆಲ್ ಪಟ್ಟಿ: ಐದನೇ ತಿಂಗಳು

ಮೊದಲ ಸಲ ಓದುತ್ತಿರುವವರಿಗೆ ಎರಡು ಮಾತು. ಇಂಗ್ಲಿಷ್ ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ (1810–1865) ಅವರ ಬದುಕನ್ನು ಒಂದು ದೊಡ್ಡ ಪಟ್ಟಿಯಲ್ಲಿ ಜೋಡಿಸುತ್ತಿದ್ದೇನೆ. ಎಡಗಡೆ ತಾರೀಖು. ಪಕ್ಕದಲ್ಲಿ ಎರಡು ಕಾಲಂ: ‘ಬರಹ’ ಮತ್ತು ‘ಮನೆ’. ಯಾವ ಕಥೆ, ಯಾವ ಕಂತು ಯಾವತ್ತು ಅಚ್ಚಾಯಿತು ಅನ್ನೋದು ಒಂದರಲ್ಲಿ. ಅದೇ ವಾರ ಮನೆಯಲ್ಲಿ ಏನು ನಡೆದಿತ್ತು, ಯಾರಿಗೆ ಹುಷಾರಿರಲಿಲ್ಲ, ಯಾರು ಬಂದು ಉಳಿದಿದ್ದರು ಅನ್ನೋದು ಇನ್ನೊಂದರಲ್ಲಿ.

ಯಾಕೆ ಇದು ಅಂತ ಕೆಲವರು ಕೇಳಿದ್ದೀರಿ. 1934ರಲ್ಲಿ ವಿಮರ್ಶಕ ಡೇವಿಡ್ ಸೆಸಿಲ್ ಇವರನ್ನು ಪಾರಿವಾಳ ಎಂದು ಕರೆದರು. ಅದೇ ಕಾಲದ ಕಾದಂಬರಿಗಾರ್ತಿಯರಾದ ಷಾರ್ಲೆಟ್ ಬ್ರಾಂಟೆ, ಜಾರ್ಜ್ ಎಲಿಯಟ್ ಹದ್ದುಗಳಂತೆ. ಗ್ಯಾಸ್ಕೆಲ್ ಮಾತ್ರ ಗೂಡಿನೊಳಗಿನ ಸಾಧು ಹೆಂಗಸು. ಈ ಮಾತು ಬಹಳ ಕಾಲ ಅಂಟಿಕೊಂಡಿತ್ತು. ಆದರೆ ಮ್ಯಾಂಚೆಸ್ಟರ್‌ನ ಗಿರಣಿ ಕೂಲಿಗಳ ಹಸಿವನ್ನು 1848ರಲ್ಲೇ ‘ಮೇರಿ ಬಾರ್ಟನ್’ ಕಾದಂಬರಿಯಲ್ಲಿ ಬರೆದು, ಗಿರಣಿ ಮಾಲೀಕರ ಸಿಟ್ಟು ಕಟ್ಟಿಕೊಂಡವರು ಇವರು. ಗಂಡ ವಿಲಿಯಂ ಅದೇ ಊರಿನ ಕ್ರಾಸ್ ಸ್ಟ್ರೀಟ್ ಚಾಪೆಲ್‌ನ ಪಾದ್ರಿ. ಆ ಚಾಪೆಲ್‌ಗೆ ಗಿರಣಿ ಮಾಲೀಕರೇ ಬರುತ್ತಿದ್ದರು. ಬೈದವರ ಮುಖವನ್ನು ಪ್ರತಿ ಭಾನುವಾರ ನೋಡಬೇಕಿತ್ತು ಅಲ್ವಾ? ಇದು ಪಾರಿವಾಳದ ಕೆಲಸ ಅಂತ ನನಗೆ ಅನಿಸಲಿಲ್ಲ. ಅದಕ್ಕೇ ಮನೆಯನ್ನೂ ಬರಹವನ್ನೂ ಒಂದೇ ಸಾಲಿನಲ್ಲಿಟ್ಟು ನೋಡೋಣ ಅಂತ ಹೊರಟೆ.

ಜೂನ್, ಎರಡನೇ ವಾರ

ಮೊದಲ ತೊಡಕು ಕಂಪ್ಯೂಟರ್‌ನಲ್ಲೇ. ನಾನು ಬಳಸುವ ಸ್ಪ್ರೆಡ್‌ಶೀಟ್ 1900ಕ್ಕಿಂತ ಹಿಂದಿನ ತಾರೀಖನ್ನು ತಾರೀಖು ಅಂತಲೇ ಒಪ್ಪುವುದಿಲ್ಲ. ಬರೀ ಅಕ್ಷರ ಅಂದುಕೊಳ್ಳುತ್ತದೆ. ಹೀಗಾದರೆ ಅವತ್ತು ಯಾವ ವಾರ, ಸೋಮವಾರವೋ ಮಂಗಳವಾರವೋ ಅಂತ ಲೆಕ್ಕ ಹಾಕಲು ಆಗೋದಿಲ್ಲ. ನನಗೆ ವಾರವೇ ಮುಖ್ಯ.

ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ದಾರಿ ಸಿಕ್ಕಿತು. ನಮ್ಮ ಕ್ಯಾಲೆಂಡರ್‌ನಲ್ಲಿ 400 ವರ್ಷಕ್ಕೆ 1,46,097 ದಿನ. ಅದು ಏಳರಿಂದ ಸರಿಯಾಗಿ ಭಾಗವಾಗುತ್ತದೆ. ಅಂದರೆ 400 ವರ್ಷ ಕೂಡಿಸಿದರೂ ವಾರ ಬದಲಾಗೋದಿಲ್ಲ. ಈಗ 1854 ಅಂತ ಬರೆಯುವ ಕಡೆ 2254 ಅಂತ ಬರೆಯುತ್ತೇನೆ, ಪಕ್ಕದ ಕಾಲಂನಲ್ಲಿ ವಾರ ತಾನೇ ಬರುತ್ತದೆ. ಸರಿ ಇದೆಯಾ ಅಂತ ಪರೀಕ್ಷೆ ಮಾಡಲು ಕಾದಂಬರಿಗಾರ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯ ಮೊದಲ ಸಂಚಿಕೆಯ ತಾರೀಖು ಹಾಕಿದೆ: 30 ಮಾರ್ಚ್ 1850. ಶನಿವಾರ ಬಂತು. ಆ ಪತ್ರಿಕೆಯ ತಾರೀಖು ಯಾವತ್ತೂ ಶನಿವಾರವೇ. ಅವತ್ತು ನೆಮ್ಮದಿಯಾಗಿ ನಿದ್ದೆ ಬಂತು.

ವಾರ ಯಾಕೆ ಇಷ್ಟು ಮುಖ್ಯ ಅಂದರೆ, ಗ್ಯಾಸ್ಕೆಲ್ ತಮ್ಮ ಪತ್ರಗಳಿಗೆ ತಾರೀಖು ಹಾಕುತ್ತಿದ್ದುದೇ ಅಪರೂಪ. ‘ಮಂಗಳವಾರ’ ಅಂತ ಬರೆದು ಶುರು ಮಾಡಿಬಿಡುತ್ತಿದ್ದರು. ಯಾವ ತಿಂಗಳು, ಯಾವ ವರ್ಷ, ಒಂದೂ ಇಲ್ಲ. ಜೆ. ಎ. ವಿ. ಚಾಪಲ್ ಮತ್ತು ಆರ್ಥರ್ ಪೊಲಾರ್ಡ್ ಎಂಬ ಇಬ್ಬರು ವಿದ್ವಾಂಸರು ಆ ಪತ್ರಗಳನ್ನೆಲ್ಲ ಒಟ್ಟು ಮಾಡಿ 1966ರಲ್ಲಿ ಪ್ರಕಟಿಸಿದರು. ಸಾವಿರ ಪುಟ ಮೀರಿದ ಪುಸ್ತಕ. ಅದರಲ್ಲಿ ಎಷ್ಟೊಂದು ತಾರೀಖುಗಳು ಚೌಕ ಕಂಸದೊಳಗಿವೆ. ಅಂದರೆ ಅವು ಗ್ಯಾಸ್ಕೆಲ್ ಬರೆದದ್ದಲ್ಲ, ಸಂಪಾದಕರು ಹುಡುಕಿ ಕೂರಿಸಿದ್ದು. ಅಂಚೆ ಮುದ್ರೆ ಇದ್ದರೆ ಅದು, ಇಲ್ಲದಿದ್ದರೆ ಪತ್ರದೊಳಗೆ ಬರುವ ಒಂದು ಮದುವೆ, ಒಂದು ಜ್ವರ, ಒಂದು ಭಾಷಣ. ಆ ಚೌಕ ಕಂಸಗಳನ್ನು ನೋಡಿದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಒಂದೊಂದರ ಹಿಂದೆ ಯಾರದೋ ಒಂದಿಡೀ ಮಧ್ಯಾಹ್ನ ಇದೆ.

ಜುಲೈ

ಇಡೀ ತಿಂಗಳು 1850ರ ಮೊದಲ ಆರು ತಿಂಗಳಲ್ಲೇ ಕಳೆಯಿತು. ಮುಂದೆ ಹೋಗಲು ಮನಸ್ಸೇ ಬರಲಿಲ್ಲ.

ಜನವರಿ 8. ಗ್ಯಾಸ್ಕೆಲ್ ಡಿಕನ್ಸ್‌ಗೆ ಒಂದು ಪತ್ರ ಬರೆಯುತ್ತಾರೆ. ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನ ನ್ಯೂ ಬೇಲಿ ಜೈಲಿನಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳನ್ನು ಕಂಡು ಬಂದಿದ್ದಾರೆ. ಅಪ್ಪ ಐರ್ಲೆಂಡಿನ ಪಾದ್ರಿ, ತೀರಿಕೊಂಡಿದ್ದಾನೆ. ಅಮ್ಮ ಕೈಬಿಟ್ಟಿದ್ದಾಳೆ. ಹುಡುಗಿ ಬಟ್ಟೆ ಹೊಲಿಯುವವಳ ಹತ್ತಿರ ಕೆಲಸ ಕಲಿಯಲು ಸೇರಿದ್ದಳು. ಅಲ್ಲಿಗೆ ಬರುತ್ತಿದ್ದ ಡಾಕ್ಟರ್ ಒಬ್ಬ ಅವಳನ್ನು ಕೆಡಿಸಿದ. ಆಮೇಲೆ ಬೀದಿ, ಕಳ್ಳತನ, ಜೈಲು. ಜೈಲಿನಲ್ಲಿ ಹುಷಾರು ತಪ್ಪಿದಾಗ ನೋಡಲು ಬಂದ ಡಾಕ್ಟರ್ ಯಾರು ಅಂದರೆ ಅದೇ ಮನುಷ್ಯ. ಇದನ್ನೆಲ್ಲ ಬರೆದು ಗ್ಯಾಸ್ಕೆಲ್ ಕೇಳುವುದು ಇಷ್ಟೇ: ಈ ಹುಡುಗಿಯನ್ನು ಬೇರೆ ದೇಶಕ್ಕೆ ಹಡಗು ಹತ್ತಿಸಲು ದಾರಿ ಹೇಳಿ. ಡಿಕನ್ಸ್ ಆಗ ಏಂಜೆಲಾ ಬರ್ಡೆಟ್ ಕೂಟ್ಸ್ ಎಂಬ ಶ್ರೀಮಂತ ಮಹಿಳೆಯ ಜೊತೆ ಇಂಥ ಹುಡುಗಿಯರಿಗಾಗಿ ಒಂದು ಆಶ್ರಯ ಮನೆ ನಡೆಸುತ್ತಿದ್ದರು. ಆ ವರ್ಷವೇ ಹುಡುಗಿ ದಕ್ಷಿಣ ಆಫ್ರಿಕಾದ ಕೇಪ್‌ಗೆ ಹೊರಟಳು.

ಈಗ ‘ಬರಹ’ ಕಾಲಂ ನೋಡಿ. ಮಾರ್ಚ್ 30, ಏಪ್ರಿಲ್ 6, ಏಪ್ರಿಲ್ 13: ‘ಲಿಜ್ಜಿ ಲೀ’ ಕಥೆಯ ಮೂರು ಕಂತು. ದಾರಿ ತಪ್ಪಿದ ಮಗಳನ್ನು ಮ್ಯಾಂಚೆಸ್ಟರ್‌ನ ಬೀದಿಗಳಲ್ಲಿ ಹುಡುಕುವ ತಾಯಿಯ ಕಥೆ. ಮೂರು ವರ್ಷದ ನಂತರ, 1853ರಲ್ಲಿ, ‘ರೂತ್’ ಕಾದಂಬರಿ. ಅದರ ನಾಯಕಿಯೂ ಬಟ್ಟೆ ಹೊಲಿಯುವ ಮನೆಯಲ್ಲಿ ಕೆಲಸ ಕಲಿಯುವ ಅನಾಥ ಹುಡುಗಿ. ಈ ಜೈಲಿನ ಪತ್ರಕ್ಕೂ ‘ರೂತ್’ಗೂ ಇರುವ ನಂಟನ್ನು ವಿದ್ವಾಂಸರು ಎಂದೋ ಗುರುತಿಸಿದ್ದಾರೆ, ನನ್ನದೇನೂ ಶೋಧವಲ್ಲ. ಆದರೆ ಮೂರೂ ಒಂದರ ಕೆಳಗೊಂದು ಸಾಲಾಗಿ ನಿಂತಾಗ ಎದೆ ಭಾರವಾಯಿತು.

ಅದೇ ಏಪ್ರಿಲ್‌ನಲ್ಲಿ ಗೆಳತಿ ಎಲೈಜಾ ಫಾಕ್ಸ್‌ಗೆ ಬರೆದ ಪತ್ರಗಳಿವೆ. ಒಂದರಲ್ಲಿ ‘ಲಿಜ್ಜಿ ಲೀ’ಗೆ 20 ಪೌಂಡ್ ಬಂತು, ನಾನೇನಾದರೂ ಮೋಸ ಮಾಡುತ್ತಿದ್ದೇನಾ ಅನ್ನುವಷ್ಟು ಆಶ್ಚರ್ಯವಾಯಿತು ಅನ್ನುತ್ತಾರೆ. ವಿಲಿಯಂ ಅದನ್ನು ಸಮಾಧಾನವಾಗಿ ಜೇಬಿಗಿಳಿಸಿ ಗುಂಡಿ ಹಾಕಿಕೊಂಡರಂತೆ. ನಿರಾಶ್ರಿತ ಹೆಂಗಸರ ಆಶ್ರಮಕ್ಕೆ ಸ್ವಲ್ಪ ಕೊಡುತ್ತೇನೆ ಅಂದಿದ್ದಾರಂತೆ. ಈ ಒಂದು ವಾಕ್ಯದ ಮೇಲೆ ಎಷ್ಟು ಚರ್ಚೆ ನಡೆದಿದೆ! ಗಂಡ ದಬ್ಬಾಳಿಕೆ ಮಾಡುತ್ತಿದ್ದ ಅಂತ ಕೆಲವರು, ಇದು ಮನೆಯೊಳಗಿನ ತಮಾಷೆ ಅಂತ ಕೆಲವರು. ಮದುವೆಯಾದ ಹೆಣ್ಣಿನ ದುಡಿಮೆ ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಗಂಡನದ್ದೇ. ಅದು ಬದಲಾಗಲು ಶುರುವಾದದ್ದು 1870ರಲ್ಲಿ. ನನಗೆ ಅನಿಸೋದು, ಪತ್ರದ ದನಿಯಲ್ಲಿ ತಮಾಷೆ ನಿಜ, ಆದರೆ ಗುಂಡಿ ಹಾಕಿಕೊಂಡದ್ದನ್ನು ಗಮನಿಸಿದ ಕಣ್ಣೂ ನಿಜ. ಮರೆತುಬಿಡುವ ವಿಷಯವಾಗಿದ್ದರೆ ಗೆಳತಿಗೆ ಬರೆಯುತ್ತಿರಲಿಲ್ಲ.

ಇನ್ನೊಂದರಲ್ಲಿ ಹೊಸ ಮನೆಯ ಚಿಂತೆ. ಪ್ಲಿಮತ್ ಗ್ರೋವ್‌ನ ದೊಡ್ಡ ಮನೆ, ವರ್ಷಕ್ಕೆ 150 ಪೌಂಡ್ ಬಾಡಿಗೆ. ಸುತ್ತ ಜನಕ್ಕೆ ಏನೂ ಇಲ್ಲದಿರುವಾಗ ನಮಗೆ ಇಷ್ಟು ದೊಡ್ಡ ಮನೆ ಬೇಕಾ ಅಂತ ಕೊರಗು. ನನ್ನೊಳಗೆ ಒಬ್ಬಳಲ್ಲ, ಎಷ್ಟೋ ಜನ ‘ನಾನು’ಗಳಿದ್ದಾರೆ, ಅವರನ್ನೆಲ್ಲ ಹೇಗೆ ಒಂದು ಮಾಡೋದು ಅಂತ ಕೇಳುವ ಪ್ರಸಿದ್ಧ ಮಾತು ಬರೋದು ಇಲ್ಲೇ. ಜೂನ್‌ನಲ್ಲಿ ಮನೆ ಬದಲಾಯಿಸಿದರು. ಕೊನೆಯವರೆಗೂ ಅದೇ ಅವರ ಮನೆಯಾಗಿತ್ತು. ದುರಸ್ತಿಯಾಗಿ 2014ರಲ್ಲಿ ನೋಡುಗರಿಗೆ ತೆರೆದಿದೆ.

ಆಗಸ್ಟ್

ಈ ತಿಂಗಳು ಕೆಲಸ ಕಡಿಮೆ. 1853 ಮುಗಿಸಿದೆ. ‘ರೂತ್’ ಬಂದಾಗ ಚಾಪೆಲ್‌ನ ಇಬ್ಬರು ಗಂಡಸರು ಪುಸ್ತಕದ ಮೊದಲ ಸಂಪುಟವನ್ನು ಸುಟ್ಟರು. ಇನ್ನೊಬ್ಬ ಹೆಂಡತಿಗೆ ಓದಬೇಡ ಅಂದ. ಅವರು ಚಾಪೆಲ್‌ನಲ್ಲಿ ನಮ್ಮ ಪಕ್ಕದಲ್ಲೇ ಕೂರುತ್ತಾರೆ, ಆ ಕಣ್ಣುಗಳ ಎದುರು ಎಷ್ಟು ಮುಜುಗರ ಗೊತ್ತಾ ಅಂತ ಪತ್ರದಲ್ಲಿದೆ. ಇದನ್ನು ‘ಮನೆ’ಗೆ ಹಾಕಲೋ ‘ಬರಹ’ಕ್ಕೆ ಹಾಕಲೋ ತಿಳಿಯದೆ ಎರಡೂ ಕಡೆ ಹಾಕಿದೆ.

ಸೆಪ್ಟೆಂಬರ್

‘ನಾರ್ತ್ ಅಂಡ್ ಸೌತ್’ ಕಾದಂಬರಿಯ ಕಂತುಗಳ ಎಣಿಕೆ. ‘ಹೌಸ್‌ಹೋಲ್ಡ್ ವರ್ಡ್ಸ್’ನ ಹಳೇ ಸಂಚಿಕೆಗಳೆಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. 2 ಸೆಪ್ಟೆಂಬರ್ 1854ರಿಂದ 27 ಜನವರಿ 1855ರವರೆಗೆ ಒಂದೊಂದಾಗಿ ತೆರೆದು ಎಣಿಸಿದೆ. 22 ಕಂತು. ಒಂದು ವಾರವೂ ತಪ್ಪಿಲ್ಲ. ಡಿಕನ್ಸ್‌ಗೆ ಪ್ರತಿ ಕಂತೂ ಚುರುಕಾಗಿ, ಅಳತೆಗೆ ಸರಿಯಾಗಿ ಬರಬೇಕು. ಗ್ಯಾಸ್ಕೆಲ್‌ಗೆ ಕಥೆ ನಿಧಾನವಾಗಿ ಹರಡಿಕೊಳ್ಳಬೇಕು. ಇಬ್ಬರಿಗೂ ಸಾಕುಸಾಕಾಯಿತು.

1855ರಲ್ಲಿ ಪುಸ್ತಕವಾಗಿ ಬಂದಾಗ ಮುನ್ನುಡಿಯಲ್ಲಿ ಅವರೇ ಹೇಳುತ್ತಾರೆ: ಪತ್ರಿಕೆಯ ಕಟ್ಟುಪಾಡಿನಿಂದ ಕೊನೆಯನ್ನು ಓಡಿಸಬೇಕಾಯಿತು, ಈಗ ಕೆಲವು ಅಧ್ಯಾಯ ಸೇರಿಸಿದ್ದೇನೆ. ಹಾಗಾಗಿ ಪತ್ರಿಕೆಯನ್ನೂ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ಓದಿದೆ. ನಾಯಕಿ ಮಾರ್ಗರೆಟ್ ತನ್ನ ಹುಟ್ಟೂರು ಹೆಲ್‌ಸ್ಟನ್‌ಗೆ ಮರಳಿ ಹೋಗುವ ಭಾಗ ಪುಸ್ತಕದಲ್ಲಷ್ಟೇ ಇದೆ. ಆ ಊರನ್ನು ಅವಳು ಮ್ಯಾಂಚೆಸ್ಟರ್‌ನಂಥ ಹೊಗೆಯ ಊರಿನಲ್ಲಿ ಕೂತು ಸ್ವರ್ಗ ಅಂದುಕೊಂಡಿದ್ದಳು. ಹೋಗಿ ನೋಡಿದರೆ ಅಲ್ಲಿ ಮೂಢನಂಬಿಕೆಗಾಗಿ ಪಕ್ಕದ ಮನೆಯ ಬೆಕ್ಕನ್ನು ಜೀವಂತ ಸುಟ್ಟವರಿದ್ದಾರೆ. ಇದು ಬರದೇ ಹೋಗಿದ್ದರೆ ಹಳ್ಳಿ ಒಳ್ಳೆಯದು, ನಗರ ಕೆಟ್ಟದ್ದು ಎಂಬ ಸುಲಭದ ಲೆಕ್ಕ ಹಾಗೇ ಉಳಿಯುತ್ತಿತ್ತು. ಕಾದಂಬರಿಯ ಬೆನ್ನುಮೂಳೆ ಅನ್ನಬಹುದಾದ ಭಾಗವನ್ನು ಆಮೇಲೆ ಸೇರಿಸಿದ್ದು ಅನ್ನೋದನ್ನು ಕಣ್ಣಾರೆ ಕಂಡ ಖುಷಿ ಇನ್ನೂ ಇಳಿದಿಲ್ಲ.

ಒಂದು ಎಚ್ಚರಿಕೆ, ಇದೇ ಕೆಲಸ ಮಾಡುವವರಿಗೆ: ಸಂಚಿಕೆಯ ಮೇಲೆ ಶನಿವಾರದ ತಾರೀಖು ಇದ್ದರೂ ಅದು ಅಂಗಡಿಗೆ ಬರುತ್ತಿದ್ದುದು ಹಿಂದಿನ ಬುಧವಾರ. ಗುರುವಾರ ಬರೆದ ಪತ್ರದಲ್ಲಿ ಶನಿವಾರದ ಕಂತಿನ ಮಾತು ಬಂದರೆ ತಪ್ಪು ಅಂದುಕೊಳ್ಳಬೇಡಿ.

ಅಕ್ಟೋಬರ್

1857. ಷಾರ್ಲೆಟ್ ಬ್ರಾಂಟೆ ಜೀವನಚರಿತ್ರೆ ಬಂದ ವರ್ಷ. ಗೆಳತಿಯ ಬದುಕನ್ನು ಗ್ಯಾಸ್ಕೆಲ್ ಕಟ್ಟಿದ್ದು ಹೆಚ್ಚಾಗಿ ಪತ್ರಗಳಿಂದಲೇ. ಷಾರ್ಲೆಟ್‌ರ ಶಾಲೆಯ ಗೆಳತಿ ಎಲೆನ್ ನಸ್ಸಿ ಜೋಪಾನವಾಗಿಟ್ಟಿದ್ದ ನೂರಾರು ಪತ್ರಗಳನ್ನು ಕೊಟ್ಟರು. ಗ್ಯಾಸ್ಕೆಲ್ ಬ್ರಸೆಲ್ಸ್‌ಗೆ ಹೋಗಿ ಷಾರ್ಲೆಟ್‌ರ ಗುರು ಏಜೆರ್‌ರನ್ನೂ ಕಂಡರು. ಆ ಗುರುವಿಗೆ ಷಾರ್ಲೆಟ್ ಬರೆದ ನೋವಿನ ಪತ್ರಗಳ ವಿಷಯ ತಿಳಿದಿದ್ದರೂ ಪುಸ್ತಕದಲ್ಲಿ ಮುಚ್ಚಿಟ್ಟರು. ಅವು ಹೊರಬಂದದ್ದು 1913ರಲ್ಲಿ. ಇತ್ತ ಕಡೆ ಜೀವಂತ ಇದ್ದವರ ಬಗ್ಗೆ ಬರೆದದ್ದಕ್ಕೆ ಕೋರ್ಟಿನ ಬೆದರಿಕೆ ಬಂತು. ಮೇ ತಿಂಗಳಲ್ಲಿ ವಕೀಲರ ಮೂಲಕ ಪತ್ರಿಕೆಯಲ್ಲಿ ಮಾತು ವಾಪಸ್ ಪಡೆದು, ತಿದ್ದಿದ ಮೂರನೇ ಮುದ್ರಣ ತರಬೇಕಾಯಿತು.

ಇಷ್ಟೆಲ್ಲ ಆದ ವರ್ಷದ ಡಿಸೆಂಬರ್ 7ರಂದು ಅಮೆರಿಕದ ಗೆಳೆಯ ಚಾರ್ಲ್ಸ್ ಎಲಿಯಟ್ ನಾರ್ಟನ್‌ಗೆ ಬರೆದ ಪತ್ರ ನನ್ನ ಇಡೀ ಪಟ್ಟಿಯ ಜೀವ. ಅವತ್ತು ಬೆಳಿಗ್ಗೆ ತೀರ್ಮಾನ ಮಾಡಬೇಕಾದ ಸಂಗತಿಗಳನ್ನು ಎಣಿಸುತ್ತಾರೆ. ಮಾಂಸ ಎಷ್ಟು ಹೊತ್ತು ಬೇಯಬೇಕು. ಮ್ಯಾಂಚೆಸ್ಟರ್ ಹೊಗೆಯಲ್ಲಿ ಯಾವ ಗಿಡ ಬದುಕುತ್ತದೆ. ಲಂಗದ ಉದ್ದ ಎಷ್ಟಿರಬೇಕು. ಮಕ್ಕಳನ್ನು ನೋಡಿಕೊಳ್ಳುವವಳಿಗೆ ಸಂಬಳ ಎಷ್ಟು. ನಡುವೆ ಭಾರತದ ಸೈನ್ಯದ ಸ್ಥಿತಿಗತಿಯ ಬಗ್ಗೆ ಪಕ್ಕದ ಮನೆಯವರು ಓದಲು ಕೊಟ್ಟ ಪತ್ರಗಳು. ಇನ್ನೂ ಹತ್ತೂವರೆ ಆಗಿಲ್ಲ ಅಂತ ಮುಗಿಸುತ್ತಾರೆ! ಭಾರತದ ಸುದ್ದಿ ಸುಮ್ನೆ ಬಂದದ್ದಲ್ಲ. ಆ ವರ್ಷವೇ ಮಗಳು ಮೆಟಾಗೆ ಮದ್ರಾಸ್ ಎಂಜಿನಿಯರ್ಸ್ ಪಡೆಯ ಕ್ಯಾಪ್ಟನ್ ಒಬ್ಬರ ಜೊತೆ ಮದುವೆ ನಿಶ್ಚಯವಾಗಿತ್ತು. ಮರುವರ್ಷ ಅದು ಮುರಿದುಬಿತ್ತು.

ಈ ಒಂದು ಪತ್ರಕ್ಕೆ ನನ್ನ ಎರಡು ಕಾಲಂ ಸಾಲಲಿಲ್ಲ. ಮಧ್ಯದ ಗೆರೆಯನ್ನು ಅಳಿಸಿ ಒಂದೇ ಅಗಲವಾದ ಚೌಕ ಮಾಡಿ ಬರೆದೆ.

ಇಂಥ ಪತ್ರಗಳು ಉಳಿದದ್ದೇ ದೊಡ್ಡದು. ಓದಿ ಸುಟ್ಟುಬಿಡು ಅಂತ ದೊಡ್ಡ ಮಗಳು ಮರಿಯಾನ್‌ಗೆ ಹೇಳುತ್ತಿದ್ದರು. ತಮ್ಮ ಜೀವನಚರಿತ್ರೆ ಬರೆಯುವುದು ಅವರಿಗೆ ಇಷ್ಟವಿರಲಿಲ್ಲ. 1913ರಲ್ಲಿ ತೀರಿಕೊಳ್ಳುವವರೆಗೂ ಮೆಟಾ ಅಮ್ಮನ ಮಾತು ನಡೆಸಿದರು. ಗಂಡನಿಗೆ ಬರೆದ ಪತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅವರು ಬೇಡ ಅಂದದ್ದನ್ನು ನಾನು ಓದುತ್ತಿದ್ದೇನಲ್ಲಾ ಎಂಬ ಸಂಕಟ ಆಗಾಗ ಬರುತ್ತದೆ. ಅದಕ್ಕೇ ‘ಮನೆ’ ಕಾಲಂನಲ್ಲಿ ಊಹೆ ಬರೆಯಬಾರದು ಅಂತ ನಿಯಮ ಮಾಡಿಕೊಂಡಿದ್ದೇನೆ.

ಈ ವಾರ

ಕೊನೆಯ ಸಾಲು ತುಂಬಿಸಿದೆ. 12 ನವೆಂಬರ್ 1865. 2265 ಅಂತ ಹಾಕಿದೆ, ಭಾನುವಾರ ಬಂತು. ಹ್ಯಾಂಪ್‌ಷೈರ್‌ನ ಹೋಲಿಬೋರ್ನ್‌ನಲ್ಲಿ, ಗಂಡನಿಗೆ ಹೇಳದೆ ಕೊಂಡಿದ್ದ ಮನೆಯಲ್ಲಿ, ಹೆಣ್ಣುಮಕ್ಕಳ ಜೊತೆ ಚಹಾ ಕುಡಿಯುತ್ತಾ ಮಾತಾಡುತ್ತಿದ್ದವರು ಹಾಗೇ ಕುಸಿದರು. ‘ವೈವ್ಸ್ ಅಂಡ್ ಡಾಟರ್ಸ್’ ಕಾದಂಬರಿಯ ಕೊನೆಯ ಭಾಗ ಬಾಕಿ ಇತ್ತು. ಅದು ಕಂತುಗಳಲ್ಲಿ ಬರುತ್ತಿದ್ದ ‘ಕಾರ್ನ್‌ಹಿಲ್’ ಪತ್ರಿಕೆಯ ಸಂಪಾದಕ ಫ್ರೆಡರಿಕ್ ಗ್ರೀನ್‌ವುಡ್ 1866ರ ಜನವರಿಯಲ್ಲಿ ಮುಂದಿನ ಕಥೆ ಹೇಗಿತ್ತು ಅಂತ ಬರೆದು ಮುಗಿಸಿದರು.

‘ಬರಹ’ ಕಾಲಂನಲ್ಲಿ ಅವರು ಬರೆದ ಕಟ್ಟಕಡೆಯ ವಾಕ್ಯ ಯಾವುದು ಅಂತ ತೆಗೆದು ನೋಡಿದೆ. ಮಿಸೆಸ್ ಗಿಬ್ಸನ್ ಚೆನ್ನಾಗಿ ಹೊದಿಸು, ಮಲಗುತ್ತೇನೆ ಅನ್ನುತ್ತಾಳೆ. ಮಗಳು ಸಿಂಥಿಯಾ ಮತ್ತು ತನ್ನ ಹೊಸ ಶಾಲಿನ ಕನಸು ಕಾಣಬೇಕಂತೆ.

ಶಾಲು! ಕೂಡಲೇ ಹಿಂದಕ್ಕೆ ಹೋದೆ. ‘ನಾರ್ತ್ ಅಂಡ್ ಸೌತ್’ ಶುರುವಿನಲ್ಲೇ ಮಾರ್ಗರೆಟ್ ಭಾರತದ ಶಾಲುಗಳನ್ನು ಹೊದ್ದು ಎಲ್ಲರಿಗೂ ತೋರಿಸಲು ನಿಂತಿದ್ದಾಳೆ, ಅವುಗಳ ಮಸಾಲೆಯ ವಾಸನೆ ಮೂಗಿಗೆ ಹಿತವಾಗಿದೆ. ‘ಕ್ರಾನ್‌ಫರ್ಡ್’ನಲ್ಲಿ ಮನೆ ಬಿಟ್ಟು ಓಡಿಹೋದ ಮಗ ಪೀಟರ್ ಭಾರತದಿಂದ ಅಮ್ಮನಿಗೆ ಮೆತ್ತನೆಯ ಬಿಳಿ ಶಾಲು ಕಳಿಸುತ್ತಾನೆ. ಮದುವೆಯ ಹೊತ್ತಿಗೆ ಅವಳು ಆಸೆಪಟ್ಟು ಸಿಗದಿದ್ದಂಥದ್ದೇ ಶಾಲು. ಅದು ಬಂದು ತಲುಪುವುದು ಅವಳು ಸತ್ತ ಮರುದಿನ. ಅದನ್ನೇ ಹೊದಿಸಿ ಮಣ್ಣು ಮಾಡುತ್ತಾರೆ. ಗ್ಯಾಸ್ಕೆಲ್‌ರ ಒಬ್ಬನೇ ಅಣ್ಣ ಜಾನ್ ಹಡಗಿನ ಕೆಲಸದವನು. 1827–28ರ ಸುಮಾರಿಗೆ ಭಾರತದ ಕಡೆ ಹೊರಟವನ ಸುದ್ದಿ ಆಮೇಲೆ ಬರಲೇ ಇಲ್ಲ. ಗ್ಯಾಸ್ಕೆಲ್‌ಗೆ ಆಗ ಹದಿನೆಂಟರ ಆಸುಪಾಸು.

ಮೂರನೇ ಕಾಲಂ ತೆರೆದಿದ್ದೇನೆ. ಹೆಸರು ‘ಶಾಲು’. ಎಲ್ಲ ಕಾದಂಬರಿಗಳನ್ನೂ ಮೊದಲ ಪುಟದಿಂದ ಮತ್ತೆ ಓದಬೇಕು. ನಾಳೆ ರಾತ್ರಿ ‘ಮೇರಿ ಬಾರ್ಟನ್’ನಿಂದ ಶುರು.