ಬ್ರೆಡ್ ಮೆಷಿನ್ ತಗೋಬೇಕಾ? ಮೊದಲು ವಾರಕ್ಕೆ ಎಷ್ಟು ಬ್ರೆಡ್ ಅಂತ ಲೆಕ್ಕ ಹಾಕಿ

ಮನೆಯಲ್ಲಿ ವಾರಕ್ಕೆ ಎರಡು ಬ್ರೆಡ್ ಖರ್ಚಾಗುತ್ತಾ? ಆಗುತ್ತೆ ಅನ್ನೋದಾದರೆ ಮೆಷಿನ್ ಬಗ್ಗೆ ಯೋಚನೆ ಮಾಡಿ. ಹದಿನೈದು ದಿನಕ್ಕೊಮ್ಮೆ ಒಂದು ಬ್ರೆಡ್ ತಂದು, ಅದರಲ್ಲೂ ಅರ್ಧ ಫ್ರಿಜ್ಜಿನಲ್ಲಿ ಒಣಗೋ ಮನೆಯಾದರೆ ಬೇಡ. ಅಂಥವರಿಗೆ ರಸ್ತೆ ತಿರುವಿನ ಅಯ್ಯಂಗಾರ್ ಬೇಕರಿಯೇ ಸಾಕು. ಎಷ್ಟು ಪ್ರೋಗ್ರಾಂ ಇದೆ, ಯಾವ ಬಣ್ಣ, ಡಿಸ್‌ಪ್ಲೇ ಹೇಗಿದೆ ಅನ್ನೋದೆಲ್ಲ ಆಮೇಲಿನ ಮಾತು.

ನನ್ನ ಪ್ರಕಾರ ಬ್ರೆಡ್ ಮೆಷಿನ್ ಹಿಟ್ಟು ನಾದೋದರಲ್ಲಿ ಬಹಳ ಗಟ್ಟಿಗ, ಬೇಯಿಸೋದರಲ್ಲಿ ಸಾಧಾರಣ. ಒಳಗಿರೋದು ಒಂದು ನಾನ್‌ಸ್ಟಿಕ್ ಪಾತ್ರೆ, ಅದರ ತಳದಲ್ಲಿ ತಿರುಗೋ ಪ್ಯಾಡಲ್, ಕೆಳಗೆ ಮೋಟರು ಮತ್ತು ಬೆಲ್ಟು, ಪಾತ್ರೆಯ ಸುತ್ತ ಬಿಸಿ ಮಾಡೋ ಒಂದು ಕಾಯಿಲ್, ಒಂದು ಟೆಂಪರೇಚರ್ ಸೆನ್ಸರ್. ಬಹುಪಾಲು ಮಾಡೆಲ್‌ಗಳ ಮುಚ್ಚಳದಲ್ಲಿ ಕಾಯಿಲ್ ಇರೋದಿಲ್ಲ. ಹಾಗಾಗಿ ಬ್ರೆಡ್ಡಿನ ತಳ, ಪಕ್ಕ ಚೆನ್ನಾಗಿ ಕೆಂಪಗಾದರೂ ನೆತ್ತಿ ಬಿಳಿಚಿಕೊಂಡೇ ಇರುತ್ತೆ. ಜಪಾನಿನ ಮತ್ಸುಶಿಟಾ, ಅಂದರೆ ಇವತ್ತಿನ ಪ್ಯಾನಾಸೋನಿಕ್, 1987ರಲ್ಲಿ ಮನೆ ಬಳಕೆಗೆ ಇಂಥ ಮೆಷಿನ್ ಮಾರಿದಾಗಿನಿಂದ ಈ ಮೂಲ ವ್ಯವಸ್ಥೆ ಹೆಚ್ಚು ಬದಲಾಗಿಲ್ಲ. ಹತ್ತೊಂಬತ್ತು ಪ್ರೋಗ್ರಾಂ ಇದೆ ಅಂತ ಹೆಚ್ಚು ದುಡ್ಡು ಕೊಡಬೇಡಿ. ನಿಜವಾಗಿ ಬಳಕೆಗೆ ಬರೋದು ಬೇಸಿಕ್, ಹೋಲ್ ವೀಟ್, ಡೋ (ನಾದಿ ಉಬ್ಬಿಸೋದಷ್ಟೇ), ಬೇಕ್ (ಬೇಯಿಸೋದಷ್ಟೇ), ಈ ನಾಲ್ಕೇ.

ಬೇಸಿಕ್ ಪ್ರೋಗ್ರಾಂ ಸುಮಾರು ಮೂರರಿಂದ ಮೂರೂವರೆ ಗಂಟೆಯದು. ಇಪ್ಪತ್ತರಿಂದ ಮೂವತ್ತು ನಿಮಿಷ ನಾದುತ್ತೆ, ಉಬ್ಬೋಕೆ ಬಿಡುತ್ತೆ, ನಾಲ್ಕು ಸುತ್ತು ತಿರುಗಿಸಿ ಗಾಳಿ ಇಳಿಸುತ್ತೆ, ಮತ್ತೆ ಉಬ್ಬೋಕೆ ಬಿಟ್ಟು ಕೊನೆಗೆ ಒಂದು ಗಂಟೆಯ ಹತ್ತಿರ ಬೇಯಿಸುತ್ತೆ. ಇಷ್ಟನ್ನೂ ಅದು ಗಡಿಯಾರ ನೋಡಿ ಮಾಡುತ್ತೆ. ಯೀಸ್ಟು ಮಾತ್ರ ಗಡಿಯಾರ ನೋಡೋದಿಲ್ಲ, ಅದಕ್ಕೆ ಗೊತ್ತಿರೋದು ಬಿಸಿ ಒಂದೇ. ಮೆಷಿನ್ ಬ್ರೆಡ್ ಕೆಡೋ ಸಂದರ್ಭಗಳಲ್ಲಿ ಬಹಳಷ್ಟು ಈ ಎರಡರ ಹೊಂದಾಣಿಕೆ ತಪ್ಪಿದ್ದರಿಂದಲೇ ಆಗೋದು.

ಮೈಸೂರಿನ ಏಪ್ರಿಲ್ ತಿಂಗಳನ್ನೇ ತಗೊಳ್ಳಿ. ಮಧ್ಯಾಹ್ನ ಅಡುಗೆಮನೆ 33-34 ಡಿಗ್ರಿ, ಡಬ್ಬದಲ್ಲಿರೋ ಹಿಟ್ಟೂ ಅಷ್ಟೇ ಬಿಸಿ, ನಾದುವಾಗ ಪ್ಯಾಡಲ್ ತಿಕ್ಕಿ ಇನ್ನೊಂದಿಷ್ಟು ಬಿಸಿ ಸೇರುತ್ತೆ. ಮೆಷಿನ್ನಿಗೆ ಹಿಟ್ಟನ್ನು ಬೆಚ್ಚಗೆ ಮಾಡೋಕೆ ಬರುತ್ತೆ, ತಣ್ಣಗೆ ಮಾಡೋಕೆ ಬರೋದಿಲ್ಲ. ಕಾಯಿಲ್ ಹೊತ್ತಿಕೊಳ್ಳೋ ಹೊತ್ತಿಗೆ ಹಿಟ್ಟು ಉಬ್ಬಿ ಸುಸ್ತಾಗಿರುತ್ತೆ, ಒಳಗಿನ ಗಾಳಿ ಹಿಡಿದಿಡೋ ಶಕ್ತಿ ಹಿಟ್ಟಿನ ಜಿಗುಟು ಅಂಶವಾದ ಗ್ಲುಟನ್‌ಗೆ ಉಳಿದಿರೋದಿಲ್ಲ, ನೆತ್ತಿ ಕುಸಿದು ಗುಂಡಿ ಬೀಳುತ್ತೆ. ಇದಕ್ಕೆ ಪರಿಹಾರ ಸುಲಭ. ಬೇಸಿಗೆಯಲ್ಲಿ ಫ್ರಿಜ್ಜಿನ ನೀರು ಹಾಕಿ, ಯೀಸ್ಟನ್ನು ಕಾಲು ಭಾಗ ಕಡಿಮೆ ಮಾಡಿ. ಡಿಸೆಂಬರ್, ಜನವರಿಯ ಬೆಳಗಿನ ಚಳಿಯಲ್ಲಿ ಬೆರಳಿಗೆ ಹಿತವಾಗೋಷ್ಟು ಉಗುರು ಬೆಚ್ಚಗಿನ ನೀರು, ಯೀಸ್ಟು ಪೂರ್ತಿ ಅಳತೆ. ನಾದಿ ಮುಗಿದಾಗ ಹಿಟ್ಟು 25ರಿಂದ 27 ಡಿಗ್ರಿ ಇದ್ದರೆ ಮಿಕ್ಕಿದ್ದನ್ನು ಮೆಷಿನ್ ನೋಡಿಕೊಳ್ಳುತ್ತೆ.

ಅಳತೆಗೆ ಬರೋಣ. ಇದು 350 ಗ್ರಾಂ ಮೈದಾದ ಬ್ರೆಡ್, ಬೆಂದ ಮೇಲೆ ಸುಮಾರು 550 ಗ್ರಾಂ ತೂಗುತ್ತೆ. ನೀರು 215ರಿಂದ 220 ಎಂಎಲ್, ಎಣ್ಣೆ 15 ಎಂಎಲ್, ಉಪ್ಪು 6 ಗ್ರಾಂ, ಸಕ್ಕರೆ 15 ಗ್ರಾಂ, ಹಾಲಿನ ಪುಡಿ ಒಂದು ಚಮಚ, ಇನ್‌ಸ್ಟಂಟ್ ಯೀಸ್ಟು 4 ಗ್ರಾಂ. ಹೆಚ್ಚಿನ ಮಾಡೆಲ್‌ಗಳಲ್ಲಿ ಮೊದಲು ನೀರು, ಎಣ್ಣೆ, ಉಪ್ಪು, ಸಕ್ಕರೆ, ಅದರ ಮೇಲೆ ಹಿಟ್ಟು, ಹಿಟ್ಟಿನ ನಡುವೆ ಸಣ್ಣ ಗುಳಿ ಮಾಡಿ ಯೀಸ್ಟು. ಕೆಲವು ಮಾಡೆಲ್‌ಗಳಲ್ಲಿ ಕ್ರಮ ಉಲ್ಟಾ ಇರುತ್ತೆ, ಜೊತೆಗೆ ಬಂದ ಪುಸ್ತಕ ನೋಡಿ. ದಯವಿಟ್ಟು ಕಪ್ಪಿನಲ್ಲಿ ಅಳೆಯಬೇಡಿ. ಅದೇ ಕಪ್ಪಿಗೆ ಹಿಟ್ಟು ಸಡಿಲವಾಗಿ ತುಂಬಿದರೆ 120 ಗ್ರಾಂ, ಒತ್ತಿ ತುಂಬಿದರೆ 150 ಗ್ರಾಂ ಹಿಡಿಯುತ್ತೆ. ಮೂರು ಕಪ್ಪಿಗೆ 90 ಗ್ರಾಂ ವ್ಯತ್ಯಾಸ ಬಂದರೆ ಬ್ರೆಡ್ ಎಲ್ಲಿ ಬರುತ್ತೆ? ಮೆಷಿನ್ ತಗೊಳ್ಳೋಕೆ ಮುಂಚೆಯೇ ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ.

ಸ್ಟಾರ್ಟ್ ಒತ್ತಿ ಹೊರಟುಹೋಗಬೇಡಿ. ಐದು ನಿಮಿಷ ಆದ ಮೇಲೆ ಮುಚ್ಚಳ ತೆಗೆದು ನೋಡಿ. ನಾದುವಾಗ ತೆಗೆದರೆ ಏನೂ ಆಗೋದಿಲ್ಲ, ಬೇಯುವಾಗ ಮಾತ್ರ ತೆಗೆಯಬಾರದು. ಮೂಲೆಯಲ್ಲಿ ಒಣಹಿಟ್ಟು ಅಂಟಿದ್ದರೆ ಸಿಲಿಕೋನ್ ಸೌಟಿನಿಂದ ಕೆಳಗೆ ತಳ್ಳಿ. ಹತ್ತನೇ ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಆಗ ಹಿಟ್ಟು ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿಯಾಗಿ ಒಂದೇ ಉಂಡೆಯಾಗಿರಬೇಕು. ತಳಕ್ಕೆ ಸ್ವಲ್ಪ ಅಂಟಿ, ಪ್ಯಾಡಲ್ ತಿರುಗಿದಾಗ ಬಿಟ್ಟುಕೊಳ್ಳಬೇಕು. ಬೆರಳಿಟ್ಟರೆ ಜಿಗುಟು ತಾಗಬೇಕು, ಹಿಟ್ಟು ಬೆರಳಿನ ಜೊತೆ ಎದ್ದು ಬರಬಾರದು. ಉಂಡೆ ಒಡೆದು ಎರಡು ಮೂರು ತುಂಡಾಗಿ ಕುಣಿಯುತ್ತಿದ್ದರೆ, ಮೋಟರು ಮುಕ್ಕಿರಿಯೋ ಸದ್ದು ಬಂದರೆ, ನೀರು ಸಾಲದು ಅಂತ. ಒಂದೊಂದೇ ಟೀ ಚಮಚ ಹಾಕಿ ಒಂದು ನಿಮಿಷ ಕಾಯಿರಿ. ಉಂಡೆಯೇ ಕಟ್ಟದೆ ತಳದಲ್ಲಿ ಕೆಸರಾಗಿ ಹರಡಿದ್ದರೆ ಒಂದೊಂದೇ ಚಮಚ ಹಿಟ್ಟು. ಈ ಎರಡು ಇಣುಕು ನೋಟದಷ್ಟು ಉಪಯೋಗ ಬೇರೆ ಯಾವ ಗುಟ್ಟಿನಿಂದಲೂ ಇಲ್ಲ.

ಗೋಧಿ ಬ್ರೆಡ್ ಬೇಕು ಅಂತಲೇ ಹೆಚ್ಚಿನವರು ಮೆಷಿನ್ ಕೊಳ್ಳೋದು. ಇಲ್ಲಿ ನಿರಾಸೆಯೂ ಹೆಚ್ಚು. ನಮ್ಮ ಗಿರಣಿ ಹಿಟ್ಟು ಕಲ್ಲಿನಲ್ಲಿ ಬಿಸಿಯಾಗಿ, ನುಣ್ಣಗೆ ಬೀಸಿಕೊಂಡು ಬರೋದರಿಂದ ನೀರು ಜಾಸ್ತಿ ಕುಡಿಯುತ್ತೆ, ಹೊಟ್ಟಿನ ಚೂರುಗಳು ಗ್ಲುಟನ್ ಎಳೆಗಳನ್ನು ಕತ್ತರಿಸುತ್ತವೆ. 350 ಗ್ರಾಂ ಗೋಧಿ ಹಿಟ್ಟಿಗೆ 260ರಿಂದ 270 ಎಂಎಲ್ ನೀರು ಬೇಕು, ಜೊತೆಗೆ 15ರಿಂದ 20 ಗ್ರಾಂ ಗ್ಲುಟನ್ ಪುಡಿ. ಹೋಲ್ ವೀಟ್ ಪ್ರೋಗ್ರಾಂನಲ್ಲೇ ಮಾಡಿ, ಅದರಲ್ಲಿ ಹೊಟ್ಟು ನೆನೆಯೋಕೆ ಹೆಚ್ಚು ಸಮಯ ಸಿಗುತ್ತೆ. ಗಿರಣಿಯಿಂದ ಈಗಷ್ಟೇ ಬಂದ ಬಿಸಿ ಹಿಟ್ಟು ಬಳಸಬೇಡಿ, ಹರಡಿ ಪೂರ್ತಿ ಆರಲಿ. ಇಷ್ಟೆಲ್ಲ ಮಾಡಿದರೂ ಅಂಗಡಿ ಬ್ರೆಡ್ಡಿನಷ್ಟು ಹಗುರವಾಗಿ ಬರೋದಿಲ್ಲ. ಅಂಗಡಿಯ ಎಷ್ಟೋ ಬ್ರೌನ್ ಬ್ರೆಡ್‌ಗಳಲ್ಲಿ ಮೈದಾ ಪಾಲು ದೊಡ್ಡದು, ಬಣ್ಣ ಕ್ಯಾರಮೆಲ್‌ನದ್ದು. ಪ್ಯಾಕೆಟ್ ಹಿಂದೆ ಬರೆದಿರೋದನ್ನು ಓದಿದರೆ ಗೊತ್ತಾಗುತ್ತೆ. ಮೊದಲಿಗೆ ಅರ್ಧ ಮೈದಾ, ಅರ್ಧ ಗೋಧಿ ಮಾಡಿ ಕೈ ಕೂರಿಸಿಕೊಳ್ಳಿ.

ರಾಗಿ ಹಾಕಬಹುದಾ ಅಂತ ಮಂಡ್ಯ, ಮೈಸೂರಿನವರು ಕೇಳೇ ಕೇಳುತ್ತಾರೆ. ಖಂಡಿತ ಹಾಕಬಹುದು, ಆದರೆ ಐದರಲ್ಲಿ ಒಂದು ಪಾಲು ಮಾತ್ರ. ರಾಗಿಯಲ್ಲಿ ಗ್ಲುಟನ್ ಇಲ್ಲವೇ ಇಲ್ಲ, ಅದು ಬ್ರೆಡ್ಡಿಗೆ ರುಚಿ ಬಣ್ಣ ಕೊಡುತ್ತೆ, ಎತ್ತರ ಕೊಡೋದಿಲ್ಲ. 280 ಗ್ರಾಂ ಮೈದಾಕ್ಕೆ 70 ಗ್ರಾಂ ರಾಗಿ ಹಿಟ್ಟು, 230 ಎಂಎಲ್ ನೀರು, ಸಕ್ಕರೆ ಬದಲು 20 ಗ್ರಾಂ ಬೆಲ್ಲ. ಬೆಲ್ಲವನ್ನು ಅಳತೆಯ ನೀರಿನಲ್ಲೇ ಕರಗಿಸಿ ಸೋಸಿ, ಇಲ್ಲದಿದ್ದರೆ ಅದರೊಳಗಿನ ಮರಳು ನಾನ್‌ಸ್ಟಿಕ್ ಲೇಪವನ್ನು ಗೀರುತ್ತೆ. ಹುರಿಹಿಟ್ಟು ಹಾಕಿದರೆ ಪರಿಮಳ ಇನ್ನೂ ಚೆನ್ನ, ನೀರು ಮಾತ್ರ ಎರಡು ಚಮಚ ಹೆಚ್ಚು ಹಿಡಿಯುತ್ತೆ. ಬೆಣ್ಣೆ ಸವರಿ ತಿಂದರೆ ಇದರಷ್ಟು ಚೆಂದದ ಬ್ರೆಡ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಇದು ಅಂಗಡಿಯಲ್ಲಿ ಸುಲಭಕ್ಕೆ ಸಿಗದ ಬ್ರೆಡ್, ಮೆಷಿನ್ ಪರವಾಗಿ ಇರೋ ಗಟ್ಟಿ ಕಾರಣಗಳಲ್ಲಿ ಒಂದು.

ಇನ್ನೂ ಕೆಲವು ತೊಂದರೆ ಬರುತ್ತವೆ. ಬ್ರೆಡ್ ಏಳದೆ ಇಟ್ಟಿಗೆಯಾದರೆ ಮೊದಲು ಯೀಸ್ಟನ್ನು ಅನುಮಾನಿಸಿ. ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಯೀಸ್ಟು ಹಾಕಿ. ಹತ್ತು ನಿಮಿಷಕ್ಕೆ ನೊರೆ ಬರದಿದ್ದರೆ ಎಸೆಯಿರಿ. ಮಳೆಗಾಲದ ತೇವಕ್ಕೆ ತೆರೆದ ಪ್ಯಾಕೆಟ್ ಬೇಗ ಸಾಯುತ್ತೆ, ಗಾಳಿಯಾಡದ ಡಬ್ಬದಲ್ಲಿ ಫ್ರಿಜ್ಜಿನಲ್ಲಿಡಿ. ಬ್ರೆಡ್ಡಿನ ಪಕ್ಕಗಳು ಒದ್ದೆಯಾಗಿ ಒಳಕ್ಕೆ ಬಾಗಿದ್ದರೆ, ಬೆಂದ ಮೇಲೂ ಪಾತ್ರೆಯಲ್ಲೇ ಬಿಟ್ಟಿದ್ದೀರಿ ಅಂತ ಅರ್ಥ. ಬೀಪ್ ಬಂದ ಕೂಡಲೇ ತೆಗೆದು ಜಾಲರಿ ಮೇಲೆ ಒಂದು ಗಂಟೆ ಆರಿಸಿ, ಅಲ್ಲಿಯವರೆಗೆ ಕೊಯ್ಯಬೇಡಿ. ರಾತ್ರಿ ಟೈಮರ್ ಇಟ್ಟು ಬೆಳಿಗ್ಗೆಗೆ ಬ್ರೆಡ್ ಅನ್ನೋದು ಆಕರ್ಷಕ, ಆದರೆ ಟೈಮರ್ ಬ್ರೆಡ್ಡಿಗೆ ಹಸಿ ಹಾಲು, ಮೊಟ್ಟೆ ಹಾಕಲೇಬಾರದು, ಹಾಲಿನ ಪುಡಿ ಹಾಕಿ. ಯೀಸ್ಟು ನೀರಿಗೆ ತಾಗದ ಹಾಗೆ ಒಣಹಿಟ್ಟಿನ ಮೇಲೇ ಇರಬೇಕು.

ಪ್ರಿಸರ್ವೇಟಿವ್ ಇಲ್ಲದ ಬ್ರೆಡ್ ಹೊರಗಿಟ್ಟರೆ ಎರಡು ಮೂರು ದಿನ, ಜುಲೈ ಮಳೆಯಲ್ಲಿ ಅಷ್ಟೂ ಇಲ್ಲ. ಉಳಿದದ್ದನ್ನು ಹೋಳು ಮಾಡಿ ಫ್ರೀಜರ್‌ನಲ್ಲಿಡಿ, ಬೇಕಾದಷ್ಟೇ ತೆಗೆದು ಕಾವಲಿ ಮೇಲೆ ಬಿಸಿ ಮಾಡಿ.

ಈಗ ದುಡ್ಡಿನ ಲೆಕ್ಕ. ಮೇಲಿನ ಅಳತೆಯ ಬ್ರೆಡ್ಡಿಗೆ ಮೈದಾ, ಯೀಸ್ಟು, ಎಣ್ಣೆ, ಕರೆಂಟು ಎಲ್ಲ ಸೇರಿ ಮೂವತ್ತು ರೂಪಾಯಿ ಅಂತ ಇಟ್ಟುಕೊಳ್ಳಿ, ಅಷ್ಟೇ ತೂಕದ ಅಂಗಡಿ ಬ್ರೆಡ್ ಅರವತ್ತು ಅಂತ. ಒಂದಕ್ಕೆ ಮೂವತ್ತು ಉಳಿತಾಯ. ಮೆಷಿನ್ ಎಂಟು ಸಾವಿರದ್ದಾದರೆ ದುಡ್ಡು ವಾಪಸ್ಸು ಬರೋಕೆ 267 ಬ್ರೆಡ್ ಆಗಬೇಕು. ವಾರಕ್ಕೆ ಎರಡಾದರೆ ಎರಡೂವರೆ ವರ್ಷ, ವಾರಕ್ಕೆ ಒಂದಾದರೆ ಐದು ವರ್ಷದ ಮೇಲೆ. ಅಷ್ಟರೊಳಗೆ ಪಾತ್ರೆಯೋ ಪ್ಯಾಡಲ್ಲೋ ಒಮ್ಮೆ ಬದಲಾಗಿರುತ್ತೆ. ಮೊದಲೇ ವಾರಕ್ಕೆ ಎರಡು ಬ್ರೆಡ್ ಅಂದಿದ್ದು ಇದಕ್ಕೇ. ನಿಮ್ಮ ಅಂಗಡಿಯ ಬೆಲೆ ಹಾಕಿ ನೀವೇ ಲೆಕ್ಕ ನೋಡಿ. ಕರೆಂಟಿನ ಭಯ ಮಾತ್ರ ಬೇಡ. ಒಂದು ಬ್ರೆಡ್ಡಿಗೆ ಅರ್ಧ ಯೂನಿಟ್ಟಿನ ಒಳಗೇ ಆಗುತ್ತೆ, ಓಟಿಜಿ ಓವನ್ನಿನಲ್ಲಿ ಅದರ ಎರಡರಷ್ಟು ಬೇಕು. ತಿಂಗಳಿಗೆ ಎಂಟು ಬ್ರೆಡ್ ಮಾಡಿದರೂ ನಾಲ್ಕು ಯೂನಿಟ್ ದಾಟೋದಿಲ್ಲ, ಗೃಹಜ್ಯೋತಿ ಲೆಕ್ಕ ಅದರಿಂದ ತಲೆಕೆಳಗಾಗೋದು ಅಪರೂಪ.

ಕರೆಂಟ್ ಹೋಗೋದೇ ದೊಡ್ಡ ತಲೆನೋವು. ಎಷ್ಟೋ ಮಾಡೆಲ್‌ಗಳು ಹತ್ತು ಹದಿನೈದು ನಿಮಿಷದವರೆಗೆ ಎಲ್ಲಿ ನಿಂತಿತ್ತು ಅಂತ ನೆನಪಿಟ್ಟುಕೊಳ್ಳುತ್ತವೆ, ಅದಕ್ಕಿಂತ ಹೆಚ್ಚಾದರೆ ಮೊದಲಿನಿಂದ ಶುರು. ಕೊಳ್ಳುವಾಗ ಈ ಒಂದು ಪ್ರಶ್ನೆ ಕೇಳಲೇಬೇಕು. ಮೈಸೂರು ಕಡೆಯ ಕರೆಂಟ್ ಕಂಪನಿ ಸೆಸ್ಕ್ ದುರಸ್ತಿಗೆ ಲೈನ್ ತೆಗೆಯೋ ದಿನ ಪತ್ರಿಕೆಯಲ್ಲಿ ಬಂದಿದ್ದರೆ ಅವತ್ತು ಬ್ರೆಡ್ ಇಡಬೇಡಿ. ನಡುವೆ ನಿಂತೇಹೋದರೆ ಗಾಬರಿಯಾಗಬೇಡಿ, ಹಿಟ್ಟು ಪಾತ್ರೆಯಲ್ಲೇ ಉಬ್ಬಲಿ, ಕರೆಂಟ್ ಬಂದ ಮೇಲೆ ಬೇಕ್ ಪ್ರೋಗ್ರಾಂ ಒಂದನ್ನೇ ಹಾಕಿ. ಬೇಕ್ ಪ್ರೋಗ್ರಾಂ ಬೇರೆಯಾಗಿ ಇಲ್ಲದ ಮೆಷಿನ್ ಇಲ್ಲಿಗೆ ಸರಿಹೋಗೋದಿಲ್ಲ. ಹೆಚ್ಚಿನ ಮೆಷಿನ್‌ಗಳು 450ರಿಂದ 700 ವಾಟಿನವು. ಫ್ಯಾನು ದೀಪಕ್ಕೆ ಅಂತ ಹಾಕಿಸಿದ ಸಣ್ಣ ಇನ್ವರ್ಟರ್‌ಗೆ ಬೇಯಿಸೋ ಹೊತ್ತಿನ ಭಾರ ಜಾಸ್ತಿ.

ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ ಪಾತ್ರೆಯನ್ನು ಕೈಗೆ ತಗೊಳ್ಳಿ. ತಳದ ಕಡ್ಡಿಯನ್ನು ಬೆರಳಿನಿಂದ ತಿರುಗಿಸಿ, ಅಲುಗಾಡದೆ ನಯವಾಗಿ ತಿರುಗಬೇಕು. ಆ ಕಡ್ಡಿಯ ಸುತ್ತ ಒಂದು ರಬ್ಬರ್ ಸೀಲ್ ಇರುತ್ತೆ. ವರ್ಷಗಳಾದ ಮೇಲೆ ಮೊದಲು ಸವೆಯೋದು ಅದೇ. ಬ್ರೆಡ್ಡಿನ ತಳದ ತೂತಿನ ಸುತ್ತ ಕಪ್ಪು ಜಿಡ್ಡಿನ ಗುರುತು ಕಂಡರೆ ಸೀಲ್ ಹೋಗಿದೆ ಅಂತ ತಿಳಿದು ಪಾತ್ರೆ ಬದಲಿಸಬೇಕು. ಹಾಗಾಗಿ ಪಾತ್ರೆ, ಪ್ಯಾಡಲ್ ಬಿಡಿಯಾಗಿ ಸಿಗುತ್ತಾ, ಎಷ್ಟು ಬೆಲೆ, ಸರ್ವೀಸ್ ಮೈಸೂರಿನಲ್ಲೇ ಇದೆಯಾ ಅಥವಾ ಬೆಂಗಳೂರಿಗೆ ಕಳಿಸಬೇಕಾ ಅಂತ ಬಿಲ್ಲು ಮಾಡಿಸೋ ಮುಂಚೆ ಕೇಳಿ. ತೊಳೆಯುವಾಗ ಪಾತ್ರೆಯ ಒಳಗಷ್ಟೇ ಬಿಸಿನೀರು ತುಂಬಿ ಹತ್ತು ನಿಮಿಷ ಬಿಡಿ, ಅಂಟಿದ ಪ್ಯಾಡಲ್ ಸಡಿಲವಾಗುತ್ತೆ. ಪಾತ್ರೆಯನ್ನೇ ನೀರಿನಲ್ಲಿ ಮುಳುಗಿಸಿದರೆ ತಳದ ಬೇರಿಂಗ್ ತುಕ್ಕು ಹಿಡಿಯುತ್ತೆ.

ಅಮೆರಿಕದಲ್ಲಿರೋ ಮಗನೋ ಮಗಳೋ ಅಲ್ಲಿಂದ ತರ್ತೀನಿ ಅಂದರೆ ಬೇಡ ಅನ್ನಿ. ಅಲ್ಲಿನದು 120 ವೋಲ್ಟ್, 60 ಹರ್ಟ್ಜ್. ವೋಲ್ಟೇಜ್ ಇಳಿಸೋಕೆ ಭಾರದ ಟ್ರಾನ್ಸ್‌ಫಾರ್ಮರ್ ಬೇಕು, ಅದಿದ್ದರೂ ನಮ್ಮ 50 ಹರ್ಟ್ಜ್‌ನಲ್ಲಿ ಇಂಡಕ್ಷನ್ ಮೋಟರು ಆರರಲ್ಲಿ ಒಂದು ಪಾಲು ನಿಧಾನವಾಗಿ ತಿರುಗುತ್ತೆ, ನಾದಿದ್ದು ಸಾಲದೆ ಹೋಗುತ್ತೆ.

ಮನೆಯಲ್ಲಿ ಓಟಿಜಿ ಆಗಲೇ ಇದ್ದು, ಬನ್ನು, ಪಾವು, ಖಾರಾ ಬನ್ನು ಎಲ್ಲ ಮಾಡೋ ಆಸೆ ಇದ್ದರೆ ಪೂರ್ತಿ ಮೆಷಿನ್ ಬೇಕಿಲ್ಲ. ಹನ್ನೆರಡು ಹದಿನೈದು ನಿಮಿಷ ಕೈಯಲ್ಲಿ ನಾದಿ, ಅಥವಾ ಹಿಟ್ಟು ನಾದುವ ಜಾರ್ ಇರೋ ಫುಡ್ ಪ್ರೊಸೆಸರ್ ಬಳಸಿ. ಇದೇ 350 ಗ್ರಾಂ ಅಳತೆಗೆ ಎಂಟು ಇಂಚು ಉದ್ದ, ನಾಲ್ಕು ಇಂಚು ಅಗಲದ ಟಿನ್ನು ಸರಿಹೋಗುತ್ತೆ. 190 ಡಿಗ್ರಿಯಲ್ಲಿ ಮೂವತ್ತರಿಂದ ಮೂವತ್ತೈದು ನಿಮಿಷ ಬೇಯಿಸಿದರೆ ನೆತ್ತಿಯೂ ಕೆಂಪಗೆ ಬರುತ್ತೆ, ಬ್ರೆಡ್ಡಿನ ತಳದಲ್ಲಿ ಪ್ಯಾಡಲ್ಲಿನ ತೂತೂ ಇರೋದಿಲ್ಲ. ಕೈ ನೋವು, ಭುಜದ ನೋವು ಇರೋರಿಗೆ, ಬೆಳಿಗ್ಗೆ ಮಕ್ಕಳ ಡಬ್ಬಿಗೆ ದಿನಾ ಸ್ಯಾಂಡ್‌ವಿಚ್ ಕಟ್ಟೋ ಮನೆಗೆ, ಅಂಗಡಿ ಬ್ರೆಡ್ಡಿನ ಉಪ್ಪು, ಸಕ್ಕರೆ ಬೇಡ ಅನ್ನೋರಿಗೆ ಮೆಷಿನ್ನೇ ಸರಿ. ತಗೊಂಡ ಮೇಲೆ ಅಡುಗೆಮನೆ ಕಟ್ಟೆಯ ಮೇಲೇ ಅದಕ್ಕೊಂದು ಕಾಯಂ ಜಾಗ ಮಾಡಿ, ಗೋಡೆಯಿಂದ ನಾಲ್ಕು ಇಂಚು ಬಿಟ್ಟು, ಅಂಚಿನಿಂದ ದೂರ. ಗಟ್ಟಿ ಹಿಟ್ಟು ನಾದುವಾಗ ನುಣುಪಾದ ಗ್ರಾನೈಟ್ ಮೇಲೆ ಮೆಷಿನ್ ಮೆಲ್ಲಗೆ ಜರುಗುತ್ತೆ, ಅಡಿಗೆ ಒಂದು ತೆಳು ರಬ್ಬರ್ ಮ್ಯಾಟ್ ಹಾಕಿ.