ಯಾವ ನೀರಿನ ಸೊಪ್ಪು?

"ಮಲ್ಲಾಪುರದ ಕೆರೆ ಕಡೇದಾ ಇದು? ಚರಂಡಿ ನೀರಿನ ಸೊಪ್ಪು ನಮ್ಗೆ ಬೇಡಮ್ಮ."

ಮೊನ್ನೆ ಬೆಳಿಗ್ಗೆ ಎದುರುಮನೆ ಆಂಟಿ ಹೀಗಂದಾಗ ಸೊಪ್ಪಿನವಳು ದಂಟಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತದೆಯೇ, "ನೀವ್ ಬಿಟ್ಟಿದ್ದೇ ನೀರು ಕಣ್ರವ್ವಾ" ಅಂದಳು. ಸಿಟ್ಟಿಲ್ಲ, ಕುಹಕವಿಲ್ಲ. ಕಟ್ಟಿಗೆ ಹತ್ತು ರೂಪಾಯಿ ಅನ್ನುವಷ್ಟೇ ಸಲೀಸಾಗಿ.

ಆಂಟಿ ಕೆಟ್ಟವರೇನಲ್ಲ. ಮಡಿ, ಉಪವಾಸ ಎಲ್ಲ ಇದೆ. ಆದರೆ ಆ ಹೊತ್ತಿಗೆ ಅವರ ಕೈಯಲ್ಲಿ ಮನೆ ಒರೆಸಿದ ಫಿನಾಯಿಲ್ ಬಕೆಟ್ಟಿತ್ತು, ಅವಳ ಕಣ್ಣೆದುರೇ ಚರಂಡಿಗೆ ಸುರಿದರು. ಚರಂಡಿಯಲ್ಲಿ ಆಗಲೇ ಬಟ್ಟೆ ಒಗೆದ ನೊರೆ, ಅದರ ಮೇಲೊಂದು ಹರಿದ ಶಾಂಪೂ ಪ್ಯಾಕೆಟ್ಟು, ನಾಲ್ಕಾರು ಹುಣಸೆಬೀಜ. ಬಕೆಟ್ಟಿನ ನೀರು ಬಿದ್ದ ರಭಸಕ್ಕೆ ಪ್ಯಾಕೆಟ್ಟು ಚಪ್ಪಡಿಯ ಕೆಳಗೆ ನುಸುಳಿ ಮಾಯವಾಯಿತು.

ಮಾಯವಾಗಿ ಎಲ್ಲಿಗೆ ಹೋಗುತ್ತೆ ಅನ್ನೋದು ನಮ್ಮ ಚಿತ್ರದುರ್ಗದಲ್ಲಿ ಯಾರಿಗೆ ಗೊತ್ತಿಲ್ಲ? ಹೆದ್ದಾರಿ ಪಕ್ಕದ ಅದೇ ಮಲ್ಲಾಪುರದ ಕೆರೆಗೆ. ಅದು ಬಂತೆಂದರೆ ಬಸ್ಸಿನವರೆಲ್ಲ ಕಿಟಕಿ ಎಳೆದುಕೊಳ್ಳುತ್ತಾರೆ.

ನೀವ್ ಬಿಟ್ಟಿದ್ದೇ ನೀರು. ಅಡುಗೆ ಮಾಡುವಾಗಲೂ ಅದೇ ಮಾತು ಕಿವಿಯಲ್ಲಿ. ನಾವು ಕುಡಿಯೋದು ಚನ್ನಗಿರಿ ಕಡೆಯ ಶಾಂತಿಸಾಗರದ ನೀರು, ಜೊತೆಗೆ ಹಿರಿಯೂರಿನ ವಾಣಿವಿಲಾಸ ಸಾಗರದ್ದು. ಎರಡು ಕೆರೆಯಿಂದ ಪೈಪಿನಲ್ಲಿ ತರಿಸಿಕೊಂಡು ಮೂರನೆಯದಕ್ಕೆ ಹೊಲಸು ಮಾಡಿ ಬಿಡ್ತೀವಿ. ಇದೇ ಊರಿನ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡದವರೆಗೆ. ನಾಯಕರ ಕಾಲದವರಿಗೆ ಇಳಿಜಾರಿನ ಲೆಕ್ಕ ಗೊತ್ತಿತ್ತು. ನಮಗೂ ಗೊತ್ತು, ಗಲೀಜು ಸಾಗಿಸೋಕೆ.

ಸೋಪಿನ ಪುಡಿಯ ರಂಜಕ, ಕಕ್ಕಸಿನ ಸಾರಜನಕ, ಇವೆರಡೂ ಕೆರೆಯ ಕಳೆಗೆ ಒಳ್ಳೆ ಗೊಬ್ಬರ. ಕಳೆ ಹಬ್ಬಿದರೆ ನೀರಿಗೆ ಬಿಸಿಲು ಇಳಿಯಲ್ಲ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿ. ರಾತ್ರಿ ಪಾಚಿಯೂ ಅದನ್ನೇ ಉಸಿರಾಡುತ್ತೆ. ಅದಕ್ಕೇ ಇಂಥ ಕೆರೆಗಳಲ್ಲಿ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಾಯಿ ಬಿಡೋದು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ ಟಿವಿ ಮುಂದೆ ಕೂತು ಬೆಂಗಳೂರಿನವರನ್ನು ಬೈದಿದ್ದೇ ಬೈದಿದ್ದು, ನಮ್ಮ ಬೀದಿಯವರು.

ಆಂಟಿ ಒಳಗೆ ಹೋದ ಮೇಲೆ ನಾನೇ ಎರಡು ಕಟ್ಟು ದಂಟು ತಗೊಂಡೆ. ನಿಜವಾಗ್ಲೂ ಕೆರೆ ಕಡೇದಾ ಅಂತ ಕೇಳಿದ್ದಕ್ಕೆ ಅವಳು ಮುಚ್ಚಿಡಲಿಲ್ಲ.

"ಹೂಂ ಕಣವ್ವ. ಮಳೆ ಇಲ್ದಿದ್ ವರ್ಷನೂ ಆ ಕೆರೆ ಬತ್ತಲ್ಲ. ನಮ್ ಬೋರ್‌ನಾಗೆ ನೀರೈತೆ ಅಂದ್ರೆ ಅದ್ರಿಂದ್ಲೇ. ಬ್ಯಾಡ ಅಂದ್ರೆ ಏನ್ ಬೆಳೆಯಾನ?"

ಇದಕ್ಕೆ ಏನು ಹೇಳೋದು? ಬರದ ಜಿಲ್ಲೆಯಲ್ಲಿ ವರ್ಷವಿಡೀ ತಪ್ಪದೆ ಹರಿಯೋದು ನಮ್ಮ ಬಚ್ಚಲ ನೀರೊಂದೇ. ಶುದ್ಧ ಮಾಡಿ ಬಿಡಬೇಕಾದ್ದು ಊರು; ಬೀದಿಯಲ್ಲಿ ನಿಂತು ಮಾತು ಕೇಳಬೇಕಾದ್ದು ಅವಳು.

ಸಂಜೆ ಭಾವ ಬಂದಿದ್ದರು, ಅವರ ಮುಂದೆ ಎಲ್ಲ ಹೇಳಿದೆ. "ಕೆರೆ ಅಭಿವೃದ್ಧಿ ಮಾಡ್ಬೇಕಮ್ಮ. ಸುತ್ತ ವಾಕಿಂಗ್ ಪಾತ್, ಮಧ್ಯೆ ಬೋಟಿಂಗ್" ಅಂದರು. ಇಂಜಿನಿಯರಿಂಗ್ ಓದಿದ ಮನುಷ್ಯ! ಒಳಗೆ ಬರುವ ಚರಂಡಿಯ ಸುದ್ದಿಯೇ ಇಲ್ಲ. ಬೋಟಿನಲ್ಲಿ ಕೂತವರು ಹುಟ್ಟು ಹಿಡೀಬೇಕೋ ಮೂಗು ಹಿಡೀಬೇಕೋ ಅಂದೆ. ಭಾವ ಟಿವಿ ಸೌಂಡ್ ಜಾಸ್ತಿ ಮಾಡಿದರು.