ಟೆಸ್ಟ್ ಮೊದಲಾ, ಕೋಡ್ ಮೊದಲಾ? ನಂಬರ್ ಕೇಳುವವರಿಗೆ

"ಟಿಡಿಡಿಯಿಂದ ನಿಜವಾಗಿ ಲಾಭ ಇದೆಯಾ? ಮಾತು ಬೇಡ, ನಂಬರ್ ತೋರಿಸಿ." ಹೊಸಬರು ಕೇಳುತ್ತಾರೆ, ಅವರಿಗಿಂತ ಜಾಸ್ತಿ ಮ್ಯಾನೇಜರುಗಳು ಕೇಳುತ್ತಾರೆ. ಟಿಡಿಡಿ ಅಂದರೆ ಕೋಡಿಗಿಂತ ಮೊದಲು, ಅದನ್ನು ಪರೀಕ್ಷಿಸುವ ಟೆಸ್ಟ್ ಬರೆಯುವ ಪದ್ಧತಿ, ಗೊತ್ತಲ್ವಾ.

ನಂಬರ್ ಇದೆ. 2008ರ ಒಂದು ಅಧ್ಯಯನದಲ್ಲಿ ಐಬಿಎಂನ ಒಂದು ಟೀಮು, ಮೈಕ್ರೋಸಾಫ್ಟಿನ ಮೂರು ಟೀಮುಗಳು ಇದ್ದವು. ಟಿಡಿಡಿ ಇಲ್ಲದ ಅದೇ ಥರದ ಪ್ರಾಜೆಕ್ಟುಗಳ ಪಕ್ಕದಲ್ಲಿಟ್ಟು ನೋಡಿದರೆ, ರಿಲೀಸಿಗೆ ಮುಂಚೆ ಸಿಕ್ಕ ಬಗ್‌ಗಳು ಕೋಡಿನ ಗಾತ್ರಕ್ಕೆ ಹೋಲಿಸಿ ಶೇ. 40ರಿಂದ 90ರಷ್ಟು ಕಡಿಮೆ. ಮೊದಲ ಹಂತದ ಕೆಲಸಕ್ಕೆ ಹಿಡಿದ ಸಮಯ ಶೇ. 15ರಿಂದ 35ರಷ್ಟು ಜಾಸ್ತಿ. ಟಿಡಿಡಿ ಬಗ್ಗೆ ತೋರಿಸುವ ಸ್ಲೈಡಿನಲ್ಲಿ ಇಷ್ಟೇ ಬರುತ್ತದೆ. ಬಗ್‌ಗಳನ್ನು ಎಣಿಸಿದ್ದರು, ಸಮಯ ಮಾತ್ರ ಮ್ಯಾನೇಜರುಗಳ ಅಂದಾಜು ಅನ್ನುವುದು ಬರುವುದಿಲ್ಲ. ಹಾಗಾಗಿ ನಾನು ಮೊದಲನೆಯದನ್ನು ನಂಬುತ್ತೇನೆ, ಎರಡನೆಯದನ್ನು ಅರ್ಧ ನಂಬುತ್ತೇನೆ.

ಇನ್ನೊಂದು ತೊಡಕು ಬಗ್‌ಗಳನ್ನು ಕೋಡಿನ ಸಾಲುಗಳಿಂದ ಭಾಗಿಸುವುದರಲ್ಲಿದೆ. ಒಂದೇ ಫೀಚರನ್ನು ಒಂದು ಟೀಮು 2000 ಸಾಲಿನಲ್ಲಿ ಬರೆದು 10 ಬಗ್ ಬಿಟ್ಟಿತು, ಇನ್ನೊಂದು 5000 ಸಾಲು ಬರೆದು 20 ಬಗ್ ಬಿಟ್ಟಿತು ಅಂದುಕೊಳ್ಳಿ. ಸಾವಿರ ಸಾಲಿಗೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 4! ಇಮ್ಮಡಿ ಬಗ್ ಬಿಟ್ಟ ಟೀಮೇ ಚಾರ್ಟಿನಲ್ಲಿ ಗೆದ್ದಿತು, ಸುಮ್ನೆ ಉದ್ದ ಬರೆದಿದ್ದಕ್ಕೆ. 1982ರಲ್ಲಿ ಆಪಲ್‌ನ ಲಿಸಾ ಕಂಪ್ಯೂಟರಿನ ಟೀಮಿನಲ್ಲಿ ವಾರಕ್ಕೆ ಎಷ್ಟು ಸಾಲು ಬರೆದಿರಿ ಅಂತ ಫಾರ್ಮ್ ತುಂಬಿಸುತ್ತಿದ್ದರು. ಆ ಟೀಮಿನ ಪ್ರೋಗ್ರಾಮರ್ ಬಿಲ್ ಅಟ್ಕಿನ್ಸನ್ ಒಂದು ವಾರ ಕೋಡನ್ನು ಚಿಕ್ಕದೂ ವೇಗವಾದದ್ದೂ ಮಾಡಿದ್ದರು, ಫಾರ್ಮಿನಲ್ಲಿ -2000 ಅಂತ ಬರೆದುಕೊಟ್ಟರು. ಕೆಲವು ವಾರಗಳಲ್ಲಿ ಅವರಿಗೆ ಫಾರ್ಮ್ ಕೊಡುವುದೇ ನಿಂತಿತು.

ಸ್ಟೋರಿ ಪಾಯಿಂಟ್, ಅಂದರೆ ಕೆಲಸ ಎಷ್ಟು ದೊಡ್ಡದು ಅಂತ ಟೀಮು ತಾನೇ ಅಂದಾಜಿಸಿ ಕೊಡುವ ಅಂಕ, ಅದರ ಬಗ್ಗೆ ಹೇಳುವುದೇ ಬೇಡ. ಈ ಟೀಮಿನ 5 ಆ ಟೀಮಿನ 8, ಹೋಲಿಸಿ ಏನು ಮಾಡುತ್ತೀರಿ?

ನಿಮ್ಮಲ್ಲೇ ಪರೀಕ್ಷೆ ಮಾಡುವುದಿದ್ದರೆ ಸಾಲುಗಳನ್ನು ಬಿಡಿ. ಒಂದೇ ಟೀಮು, ಒಂದೇ ಥರದ ಫೀಚರುಗಳು. ಕೆಲವಕ್ಕೆ ಟೆಸ್ಟ್ ಮೊದಲು, ಕೆಲವಕ್ಕೆ ಆಮೇಲೆ. ಯಾವುದಕ್ಕೆ ಯಾವುದು ಅಂತ ಚೀಟಿ ಎತ್ತಿ, ಇಲ್ಲದಿದ್ದರೆ ಸುಲಭದ್ದೆಲ್ಲ ಒಂದೇ ಕಡೆ ಸೇರಿಬಿಡುತ್ತದೆ. ರಿಲೀಸ್ ಆದ ಮೇಲೆ ಗ್ರಾಹಕರಿಂದ ಬಂದ ಬಗ್ ಎಷ್ಟು, ಅವನ್ನು ಸರಿಮಾಡಲು ಹಿಡಿದ ದಿನವೂ ಸೇರಿ ಒಟ್ಟು ಎಷ್ಟು ದಿನ, ಇವೆರಡನ್ನೇ ಬರೆದಿಡಿ. ಮತ್ತೆ ಇದನ್ನು ಅಪ್ರೈಸಲ್‌ಗೆ ಬಳಸುತ್ತೇವೆ ಅಂತ ಮಾತ್ರ ಹೇಳಬೇಡಿ. ಹೇಳಿದ ಮರುದಿನದಿಂದ ಬಗ್‌ಗಳೆಲ್ಲ 'ಹೊಸ ರಿಕ್ವೈರ್ಮೆಂಟ್' ಆಗಿ ದಾಖಲಾಗುತ್ತವೆ.